ತೊಗಟೆಯ ಮೇಲಿನ ಗೆರೆ ಯಾರದು?

(ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದೆಯರನ್ನು ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಮೂಲನಿವಾಸಿ ಹೆಂಗಸರ ಕಲೆ ಎನ್ನುವುದು ಒಂದು ಖಂಡದಷ್ಟು ಅಗಲದ ವಿಷಯ. ಒಂದು ಗಂಟೆಯ ಮಾತಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ಒಂದೇ ಪ್ರದರ್ಶನದ ಕೈಹಿಡಿದು ಹೋಗೋಣ. ಅದರ ಹೆಸರು ‘ಮಾರ್ಕಿಂಗ್ ದಿ ಇನ್ಫಿನಿಟ್’, ಅಂದರೆ ಕೊನೆಯಿಲ್ಲದ್ದಕ್ಕೆ ಗುರುತು ಹಾಕುವುದು. ಡೆಬ್ರಾ ಮತ್ತು ಡೆನಿಸ್ ಶೋಲ್ ದಂಪತಿಯ ಸಂಗ್ರಹದಿಂದ ಹೆನ್ರಿ ಸ್ಕೆರಿಟ್ ಆಯ್ದ ಕೃತಿಗಳನ್ನು ನೆವಾಡಾ ಮ್ಯೂಸಿಯಂ ಆಫ್ ಆರ್ಟ್ ಪ್ರವಾಸಕ್ಕೆ ಕಳಿಸಿತು. 2016ರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಹೊರಟದ್ದು 2018ರಲ್ಲಿ ವಾಷಿಂಗ್ಟನ್‌ನ ಫಿಲಿಪ್ಸ್ ಕಲೆಕ್ಷನ್ ಮುಟ್ಟಿತು, ಆಮೇಲೆ ಕೆನಡಾದ ವ್ಯಾಂಕೂವರ್‌ಗೆ ಹೋಯಿತು. ಅದರಲ್ಲಿದ್ದವರು ಒಂಬತ್ತು ಮಂದಿ, ಎಲ್ಲರೂ ಹೆಂಗಸರು: ನೋಂಗಿರ್ಙ ಮರವಿಲಿ, ವಿಂಜಿಯ ನಪಲ್ಜಾರಿ, ಯುಕುಲ್ಜಿ ನಪಂಗಾಟಿ, ಆಂಜೆಲಿನಾ ಪ್ವೆರ್ಲೆ, ಕಾರ್ಲೀನ್ ವೆಸ್ಟ್, ರೆಜಿನಾ ಪಿಲವುಕ್ ವಿಲ್ಸನ್, ಲೀನಾ ಯರಿಂಕುರ, ಗುಲುಂಬು ಯುನುಪಿಂಗು, ನ್ಯಾಪನ್ಯಾಪ ಯುನುಪಿಂಗು.

ಈ ಪ್ರದರ್ಶನವನ್ನೇ ಆರಿಸಿಕೊಳ್ಳಲು ಕಾರಣವಿದೆ. ತೊಗಟೆ, ಟೊಳ್ಳು ಕಂಬ, ಕ್ಯಾನ್ವಾಸ್, ನಾರು ಇವಿಷ್ಟೂ ಒಂದೇ ಸೂರಿನಡಿ ಸಿಕ್ಕವು. ಸುಮ್ಮನೆ ನೋಡಿದರೆ ಎಲ್ಲವೂ ‘ಅಮೂರ್ತ ಚಿತ್ರ’ಗಳಂತೆ ಕಾಣುತ್ತವೆ: ಚುಕ್ಕಿ, ಗೆರೆ, ಜಾಲರಿ. ಹಾಗೆ ನೋಡಿ ಖುಷಿಪಟ್ಟರೆ ತಪ್ಪಿಲ್ಲ, ಆದರೆ ಅರ್ಧ ಕೈತಪ್ಪಿ ಹೋಗುತ್ತದೆ. ಒಂದೊಂದು ಕೃತಿಯ ಮುಂದೆಯೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಯಾವುದರಿಂದ ಆಗಿದೆ? ಇದನ್ನು ಬರೆಯುವ ಹಕ್ಕು ಈಕೆಗೆ ಎಲ್ಲಿಂದ ಬಂತು? ಮೂಲನಿವಾಸಿ ಹೆಂಗಸರು ಕಲೆಗೆ ‘ತಡವಾಗಿ ಬಂದರು’ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಆ ಮಾತು ನಮಗೆ ಒಪ್ಪಿಗೆಯಿಲ್ಲ. ಮೈಮೇಲೆ, ಮರಳಿನ ಮೇಲೆ, ಬುಟ್ಟಿಯಲ್ಲಿ, ಬಲೆಯಲ್ಲಿ ಅವರು ಮೊದಲಿಂದಲೂ ಮಾಡುತ್ತಲೇ ಇದ್ದರು. ತಡವಾಗಿ ಬಂದದ್ದು ಗ್ಯಾಲರಿ.

ಮೊದಲು ಹೆಸರಿನ ಮಾತು ಮುಗಿಸೋಣ, ಏಕೆಂದರೆ ಫಲಕ ಓದುವಾಗಲೇ ಜನ ಎಡವುತ್ತಾರೆ. ನಪಲ್ಜಾರಿ, ನಪಂಗಾಟಿ ಇವು ಮನೆತನದ ಹೆಸರುಗಳಲ್ಲ. ಪಶ್ಚಿಮ ಮರುಭೂಮಿಯ ಪಿಂಟುಪಿ ಜನರಲ್ಲಿ ಎಂಟು ಪಂಗಡಗಳಿವೆ. ಯಾರು ಯಾರಿಗೆ ಏನಾಗಬೇಕು, ಯಾರೊಡನೆ ಮದುವೆ ಸಲ್ಲುತ್ತದೆ ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಹೆಂಗಸರ ಹೆಸರು ‘ನ’ದಿಂದ ಶುರುವಾದರೆ ಅದೇ ಪಂಗಡದ ಗಂಡಸರದು ‘ಜ’ದಿಂದ: ನಪಲ್ಜಾರಿಯ ಅಣ್ಣ ಜಪಲ್ಜಾರಿ. ನಮ್ಮಲ್ಲಿನ ‘ಬಳಿ’, ‘ಬೆಡಗು’ ಎಂಬ ವಂಶದ ಗುಂಪುಗಳು ನೆನಪಾಗುವುದು ಸಹಜ. ಆದರೆ ಇಲ್ಲಿ ಮಗುವಿನ ಪಂಗಡ ತಂದೆಯದೂ ಅಲ್ಲ, ತಾಯಿಯದೂ ಅಲ್ಲ, ಮೂರನೆಯದು. ಹೀಗಾಗಿ ಇಬ್ಬರು ನಪಲ್ಜಾರಿಗಳು ಒಡಹುಟ್ಟಿದವರೇ ಆಗಬೇಕೆಂದಿಲ್ಲ, ತಾಯಿ ಮಗಳಂತೂ ಆಗುವಂತಿಲ್ಲ. ಇದನ್ನರಿಯದೆ ಕ್ಯಾಟಲಾಗುಗಳು ಇಬ್ಬರು ಕಲಾವಿದೆಯರನ್ನು ಒಬ್ಬರನ್ನಾಗಿ ಮಾಡಿಬಿಡುವುದುಂಟು. ಇನ್ನೊಂದು ಎಚ್ಚರಿಕೆ ಬಾಗಿಲಲ್ಲೇ ಇರುತ್ತದೆ: ‘ಇಲ್ಲಿ ತೀರಿಕೊಂಡವರ ಹೆಸರು, ಚಿತ್ರಗಳಿರಬಹುದು.’ ಸತ್ತವರ ಹೆಸರನ್ನು ಕೆಲಕಾಲ ಉಚ್ಚರಿಸಬಾರದೆಂಬ ಕಟ್ಟಳೆ ಅನೇಕ ಸಮುದಾಯಗಳಲ್ಲಿದೆ. ಪ್ರದರ್ಶನ ನಡೆಯುತ್ತಿರುವಾಗಲೇ ಕಲಾವಿದೆ ತೀರಿಕೊಂಡರೆ ಫಲಕದ ಹೆಸರು, ಭಾವಚಿತ್ರಗಳ ಬಗ್ಗೆ ಕುಟುಂಬವನ್ನು ಕೇಳಿ ನಡೆಯಬೇಕು. ಅಂದಹಾಗೆ, ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ‘ಙ’ ಅಲ್ಲಿನ ಭಾಷೆಗಳಲ್ಲಿ ದಿನವಿಡೀ ದುಡಿಯುತ್ತದೆ. ಇಂಗ್ಲಿಷಿನವರು ತಡವರಿಸುವ ಈ ಹೆಸರುಗಳನ್ನು ಕನ್ನಡದವರು ಸಲೀಸಾಗಿ ಹೇಳಬಹುದು.

ಈಗ ತೊಗಟೆ. ಉತ್ತರದ ಆರ್ನೆಮ್ ಲ್ಯಾಂಡಿನ ಈಶಾನ್ಯ ಮೂಲೆಯಲ್ಲಿ ಯಿರ್ಕಾಲ ಎಂಬ ಊರಿದೆ. ಅಲ್ಲಿನ ಜನ ಯೊಲ್ಙು. ಒಂಬತ್ತರಲ್ಲಿ ಮೂವರು, ಅಂದರೆ ನೋಂಗಿರ್ಙ, ಗುಲುಂಬು ಮತ್ತು ನ್ಯಾಪನ್ಯಾಪ, ಅಲ್ಲಿನ ಬುಕು-ಲರ್ಂಗಾಯ್ ಮುಲ್ಕ ಕಲಾಕೇಂದ್ರದವರು. ಅವರು ಬಳಸುವ ಮರ ಸ್ಟ್ರಿಂಗಿಬಾರ್ಕ್, ನಾರುತೊಗಟೆಯ ನೀಲಗಿರಿ. ಕೋಲಾರದ ಕಡೆ ತೋಪುಗಳಲ್ಲಿ ನಾವು ನೋಡುವ ನೀಲಗಿರಿಯ ಕುಲವೇ, ಜಾತಿ ಬೇರೆ.

ತೊಗಟೆ ಬಿಡಿಸುವುದಕ್ಕೆ ಕಾಲವಿದೆ. ಡಿಸೆಂಬರಿನಿಂದ ಹೆಚ್ಚುಕಡಿಮೆ ಏಪ್ರಿಲ್‌ವರೆಗೆ ಅಲ್ಲಿ ಮಳೆಗಾಲ. ಆಗ ಮರದಲ್ಲಿ ರಸ ಏರಿರುತ್ತದೆ, ತೊಗಟೆಗೂ ಒಳಮರಕ್ಕೂ ನಡುವೆ ಜಾರುವಷ್ಟು ಪಸೆ ಇರುತ್ತದೆ. ಗಂಟಿಲ್ಲದ, ನೆಟ್ಟಗಿನ ಮರ ನೋಡಿ ಕೊಡಲಿಯಿಂದ ಮೇಲೊಂದು ಸುತ್ತು, ಕೆಳಗೊಂದು ಸುತ್ತು ಕಡಿಯುತ್ತಾರೆ. ಎರಡನ್ನೂ ಕೂಡಿಸಿ ಉದ್ದಕ್ಕೆ ಒಂದು ಸೀಳು. ಸೀಳಿನೊಳಗೆ ಕೊಡಲಿಯ ಅಲಗು ತೂರಿಸಿ ಮೆಲ್ಲಗೆ ಮೀಟುತ್ತಾ ಬಂದರೆ ಇಡೀ ಹಾಳೆ ಕೊಳವೆಯಂತೆ ಕಳಚಿಕೊಳ್ಳುತ್ತದೆ. ಒಣಗಾಲದಲ್ಲಿ ಇದೇ ಕೆಲಸಕ್ಕೆ ಇಳಿದರೆ ತೊಗಟೆ ಮರಕ್ಕೆ ಅಂಟಿಕೊಂಡಿರುತ್ತದೆ, ಚೂರುಚೂರಾಗಿ ಹರಿದು ಬರುತ್ತದೆ. ದೊಡ್ಡ ತೊಗಟೆಚಿತ್ರಗಳಿಗೆ ಬೇಕಾದ ಹಾಳೆಗಳನ್ನು ಈ ಕೆಲವೇ ತಿಂಗಳಲ್ಲಿ ಬಿಡಿಸಿಟ್ಟುಕೊಳ್ಳಬೇಕು. ಕಲಾಕೇಂದ್ರದ ವರ್ಷದ ಲೆಕ್ಕಾಚಾರ ನಿಂತಿರುವುದೇ ಮಳೆಯ ಮೇಲೆ.

ಹೊರಗಿನ ಒರಟು ನಾರನ್ನು ಕೆತ್ತಿ ತೆಗೆದ ಮೇಲೆ ಹಾಳೆಯನ್ನು ಬೆಂಕಿಯ ಮೇಲೆ ಹಿಡಿಯುತ್ತಾರೆ. ಒಳಗಿನ ನೀರು ಹಬೆಯಾಗಿ ನಾರು ಮೆತ್ತಗಾಗುತ್ತದೆ, ಸುರುಳಿ ಬಿಚ್ಚಿಕೊಳ್ಳುತ್ತದೆ. ಬಿಸಿಯಿರುವಾಗಲೇ ನೆಲಕ್ಕೆ ಹಾಸಿ ಮೇಲೆ ಕಲ್ಲು, ದಿಮ್ಮಿಗಳನ್ನು ಹೇರಿ ದಿನಗಟ್ಟಲೆ ಬಿಡುತ್ತಾರೆ. ಇಲ್ಲಿ ಅವಸರ ಮಾಡಿದರೆ ಆಮೇಲೆ ಅನುಭವಿಸಬೇಕು. ಒಂದು ಬದಿ ಒಣಗಿ ಇನ್ನೊಂದು ಬದಿ ಹಸಿ ಉಳಿದರೆ ಹಾಳೆ ಪ್ರೊಪೆಲರ್‌ನಂತೆ ತಿರುಚಿಕೊಳ್ಳುತ್ತದೆ. ಬೆಂಕಿ ಹೆಚ್ಚಾದರೆ ಅಂಚು ಸುಟ್ಟು ಬಿರುಕು ಒಳಗೆ ಓಡುತ್ತದೆ. ಬಣ್ಣ ಬೀಳುವುದು ತೊಗಟೆಯ ಒಳಮೈಗೆ. ಅದನ್ನು ಉಜ್ಜಿ ನಯಮಾಡಿ, ಸಾಮಾನ್ಯವಾಗಿ ಕೆಂಪು ಅಥವಾ ಕಪ್ಪು ತಳಬಣ್ಣ ಬಳಿಯುತ್ತಾರೆ.

ಬಣ್ಣಗಳು ನಾಲ್ಕೇ: ಕೆಮ್ಮಣ್ಣು, ಹಳದಿ ಮಣ್ಣು, ಬಿಳಿ ಜೇಡಿ, ಕಪ್ಪು. ಬಿಳಿಗೆ ಯೊಲ್ಙು ಮಾತಿನಲ್ಲಿ ‘ಗಪನ್’. ಗಟ್ಟಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾರೆ, ನಾವು ಗಂಧ ತೇಯುವ ಹಾಗೆಯೇ. ಅಂಟಿಗೆ ಹಿಂದೆ ಕಾಡಿನ ಆರ್ಕಿಡ್ ಕಾಂಡದ ರಸ ಬಳಸುತ್ತಿದ್ದರು. ಈಗ ನೀರು ಬೆರೆಸಿದ ಬಿಳಿ ಮರಗೆಲಸದ ಅಂಟು. ಹದ ತಪ್ಪುವುದು ಇಲ್ಲೇ. ಅಂಟು ಕಡಿಮೆಯಾದರೆ ಬಣ್ಣ ಪುಡಿಯಾಗಿ ಕೈಗೆ ಬರುತ್ತದೆ; ಹೆಚ್ಚಾದರೆ ಮಣ್ಣಿನ ಮಂಕು ಹೋಗಿ ಎಣ್ಣೆಬಣ್ಣದ ಹೊಳಪು ಬಂದುಬಿಡುತ್ತದೆ, ದಪ್ಪಗೆ ಬಳಿದಿದ್ದರೆ ಹಕ್ಕಳೆಯಾಗಿ ಏಳುತ್ತದೆ. ಜೇಡಿಯಂತೂ ಹಸಿಯಿದ್ದಾಗ ತೆಳುವಾಗಿ ಕಾಣುತ್ತದೆ, ಒಣಗಿದ ಮೇಲೆಯೇ ಬೆಳ್ಳಗಾಗುವುದು. ಎಷ್ಟು ಬಿಳುಪು ಬರುತ್ತದೆ ಎಂದು ಕೈಗೆ ಮೊದಲೇ ಗೊತ್ತಿರಬೇಕು.

ಕುಂಚದ ಹೆಸರು ‘ಮರ್ವತ್’. ಕಡ್ಡಿಯ ತುದಿಗೆ ಕಟ್ಟಿದ ಮನುಷ್ಯರ ನೇರ ಕೂದಲಿನ ಒಂದಿಷ್ಟು ಎಳೆ, ಅಷ್ಟೇ. ಎಳೆಗಳು ಉದ್ದ, ಬಣ್ಣದಲ್ಲಿ ಅದ್ದಿ ತೊಗಟೆಯ ಮೇಲೆ ಮಲಗಿಸಿ ತನ್ನ ಕಡೆಗೆ ಎಳೆಯುತ್ತಾರೆ. ಒತ್ತುವಂತಿಲ್ಲ, ಕೂದಲಿನ ಭಾರವೇ ಗೆರೆಯ ದಪ್ಪ. ಒಮ್ಮೆ ಅದ್ದಿದರೆ ಒಂದು ಗೆರೆ. ಮತ್ತೆ ಅದ್ದು, ಮತ್ತೊಂದು. ಹೀಗೆ ಗೆರೆಯ ಪಕ್ಕ ಗೆರೆ, ಅದರ ಮೇಲೆ ಅಡ್ಡಗೆರೆ ಎಳೆದು ತುಂಬಿದಾಗ ಹುಟ್ಟುವ ಮಿನುಗಿಗೆ ‘ಬಿರ್ಯುನ್’ ಎನ್ನುತ್ತಾರೆ. ಅದು ಕಣ್ಣಿಗೆ ಚೆಂದ ಕಾಣಲೆಂದು ಮಾಡಿದ್ದಲ್ಲ. ಆ ಮಿನುಗಿನಲ್ಲಿ ಪೂರ್ವಜರ ಶಕ್ತಿಯಿದೆ ಎಂಬುದು ನಂಬಿಕೆ.

ಹಕ್ಕಿನ ಪ್ರಶ್ನೆ ಇಲ್ಲೇ ಬರುತ್ತದೆ. ಕುಲದ ಪವಿತ್ರ ವಿನ್ಯಾಸಗಳನ್ನು ಯಾರು ಬೇಕಾದರೂ ಬರೆಯುವಂತಿಲ್ಲ. ಜಮೀನಿಗೆ ಪಟ್ಟಾ ಇದ್ದಂತೆ ಒಂದೊಂದು ವಿನ್ಯಾಸವೂ ಒಂದೊಂದು ಕುಲದ್ದು, ಒಂದೊಂದು ಜಾಗದ್ದು. ಬಹುಕಾಲ ಅವನ್ನು ಬರೆಯುತ್ತಿದ್ದವರು ಗಂಡಸರು. ಹೆಂಡತಿ, ಮಕ್ಕಳು ಅಡ್ಡಗೆರೆ ತುಂಬಲು ನೆರವಾಗುತ್ತಿದ್ದರು, ಹೆಸರು ಮಾತ್ರ ಗಂಡಸಿನದು. 1960ರ ದಶಕದಲ್ಲಿ ರಿರಾಟ್ಜಿಂಗು ಕುಲದ ಹಿರಿಯ ಮವಲನ್ ಮರಿಕ ತಮ್ಮ ಹೆಣ್ಣುಮಕ್ಕಳಿಗೆ ಈ ವಿದ್ಯೆ ಕಲಿಸಿ ಅಧಿಕಾರ ಕೊಟ್ಟರು. ಅವರ ಮಗಳು ಧುವರ್ವರ್ ಮರಿಕ ಹಾಗೆ ಅನುಮತಿ ಪಡೆದು ಬರೆದ ಮೊದಲ ಯೊಲ್ಙು ಹೆಂಗಸು ಎಂದು ಹೆಸರಾದವರು. ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ ಎಂಬುದನ್ನು ಗಮನಿಸಿ. ಹಿರಿಯರೇ ಬಾಗಿಲು ತೆರೆದರು.

ಈ ಹಿನ್ನೆಲೆಯಲ್ಲಿ ನ್ಯಾಪನ್ಯಾಪ ಮಾಡಿದ್ದನ್ನು ನೋಡಬೇಕು. 1975ರಲ್ಲಿ ಅವರನ್ನು ಕಾಡೆಮ್ಮೆಯೊಂದು ತಿವಿದಿತ್ತು. ಆ ಘಟನೆಯನ್ನು ತೊಗಟೆಯ ಮೇಲೆ ಬರೆದ ಕೃತಿಗೆ 2008ರಲ್ಲಿ ಡಾರ್ವಿನ್‌ನ ರಾಷ್ಟ್ರೀಯ ಮೂಲನಿವಾಸಿ ಕಲಾ ಪ್ರಶಸ್ತಿಯ ಮೂರು ಆಯಾಮದ ವಿಭಾಗದಲ್ಲಿ ಬಹುಮಾನ ಬಂತು, ಜೊತೆಗೊಂದು ವಿಡಿಯೊ ಇದ್ದುದರಿಂದ. ಕುಲದ ಕತೆ ಬಿಟ್ಟು ಸ್ವಂತ ಬದುಕನ್ನು ತೊಗಟೆಗೆ ಇಳಿಸುವುದೇ ಅಲ್ಲಿ ಹೊಸತು. ಆಮೇಲೆ ಅವರು ಅದನ್ನೂ ಬಿಟ್ಟು ಬರಿ ಗೆರೆ, ವೃತ್ತಗಳಿಗೆ ಇಳಿದರು. ಅವನ್ನು ‘ಮಯಿಲಿಮಿರಿವ್’ ಎಂದು ಕರೆದರು: ಅರ್ಥವಿಲ್ಲದ್ದು. ಎಲ್ಲ ಗೆರೆಗೂ ಒಡೆಯರಿರುವ ಊರಿನಲ್ಲಿ ಅರ್ಥವಿಲ್ಲದ ಗೆರೆ ಎಳೆಯುವುದು ಸಣ್ಣ ಮಾತಲ್ಲ. ಯಾರ ಅಪ್ಪಣೆಯೂ ಬೇಡದ ಒಂದು ಜಾಗ ಅವರಿಗೆ ಸಿಕ್ಕಿತು. ಅವರ ಅಕ್ಕತಂಗಿಯರಲ್ಲಿ ಒಬ್ಬರಾದ ಗುಲುಂಬು ಆಕಾಶಕ್ಕೆ ಹೋದರು. ‘ಗರಕ್’, ಅಂದರೆ ವಿಶ್ವ. ಟೊಳ್ಳು ಕಂಬಗಳ ತುಂಬ ನಕ್ಷತ್ರದ ಶಿಲುಬೆಗಳು, ನಡುವೆ ಕಣ್ಣಿಗೆ ಕಾಣದ ನಕ್ಷತ್ರಗಳಿಗಾಗಿ ಚುಕ್ಕಿಗಳು. 2004ರ ರಾಷ್ಟ್ರೀಯ ಪ್ರಶಸ್ತಿ ಅವರದು. 2006ರಲ್ಲಿ ಪ್ಯಾರಿಸ್ಸಿನ ಕೇ ಬ್ರಾನ್ಲಿ ಮ್ಯೂಸಿಯಂ ಕಟ್ಟಡದ ಚಾವಣಿಯೊಂದಕ್ಕೂ ಅವರ ನಕ್ಷತ್ರಗಳೇ ಏರಿದವು.

ಆ ಕಂಬಕ್ಕೆ ‘ಲರ್ರಕಿಟ್ಜ್’ ಎಂದು ಹೆಸರು. ಹಿಂದೆ ಸತ್ತವರ ಮೂಳೆಗಳನ್ನು ಇಡುತ್ತಿದ್ದ ಕಂಬ. ಮರವನ್ನು ಯಾರೂ ಕೊರೆಯುವುದಿಲ್ಲ, ಗೆದ್ದಲು ಆಗಲೇ ತಿಂದು ಟೊಳ್ಳು ಮಾಡಿರುತ್ತದೆ. ಬುಡಕ್ಕೆ ತಟ್ಟಿ ಸದ್ದು ಕೇಳಿ ಮರ ಆರಿಸುತ್ತಾರೆ.

ನೋಂಗಿರ್ಙರ ಬಗ್ಗೆ ಒಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನೆಲವನ್ನು ಬರೆಯುವುದಾದರೆ ನೆಲದ್ದನ್ನೇ ಬಳಸಿ ಎಂಬುದು ಯಿರ್ಕಾಲದ ಕೇಂದ್ರದ ನಿಯಮ. ಅಂಗಡಿಯ ಅಕ್ರಿಲಿಕ್ ಬಣ್ಣ ಬೇಡ. ಆಮೇಲೆ ಕೆಲವು ಕಲಾವಿದರು ಊರಾಚೆ ಬಿದ್ದಿದ್ದ ಕೈಗಾರಿಕೆಯ ಕಸವೂ ಈಗ ನೆಲದ ಮೇಲಿನ ವಸ್ತುವೇ ಎಂದು ವಾದಿಸಿ ಗೆದ್ದರು. ನೋಂಗಿರ್ಙ ಕೈಹಾಕಿದ್ದು ಬಿಸಾಡಿದ ಪ್ರಿಂಟರ್ ಕಾರ್ಟ್ರಿಜ್‌ಗಳಿಗೆ. ಅದರ ಕಡುಗುಲಾಬಿ ಶಾಯಿಯನ್ನು ಮಣ್ಣಿನ ಬಣ್ಣಗಳ ಜೊತೆಗಿಟ್ಟು ಬಂಡೆಗೆ ಅಪ್ಪಳಿಸುವ ಕಡಲು, ಮಿಂಚುಗಳನ್ನು ಬರೆದರು. ಆ ಗುಲಾಬಿ ಬಣ್ಣದ ತೊಗಟೆಗಳನ್ನು ನೋಡಿ ‘ಸಂಪ್ರದಾಯ ಕೆಟ್ಟಿತು’ ಎನ್ನುವವರಿಗೆ ನಿಯಮವೇ ಗೊತ್ತಿಲ್ಲ ಎಂದಷ್ಟೇ ಹೇಳಬಹುದು.

ಮರುಭೂಮಿಯ ಕತೆ ಬೇರೆ. ಅಲ್ಲಿ ಹೆಂಗಸರು ಕ್ಯಾನ್ವಾಸಿಗೆ ಬಂದದ್ದು ಬಟ್ಟೆಯ ದಾರಿಯಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ಅರ್ನಬೆಲ್ಲಾದಲ್ಲಿ 1948ರಿಂದ ಹೆಂಗಸರ ಕಸುಬಿನ ಕೊಠಡಿ ನಡೆಯುತ್ತಿತ್ತು. 1971ರಲ್ಲಿ ಅಲ್ಲಿಗೆ ಬಾಟಿಕ್, ಅಂದರೆ ಮೇಣ ಹಚ್ಚಿ ಬಟ್ಟೆಗೆ ಬಣ್ಣ ಕಟ್ಟುವ ವಿದ್ಯೆ, ಬಂತು. 1975ರಲ್ಲಿ ನ್ಯುಕಾನ ಬೇಕರ್ ಮತ್ತಿತರರು ಇಂಡೊನೇಷ್ಯಾದ ಯೋಗ್ಯಕರ್ತಕ್ಕೆ ಹೋಗಿ ಕಲಿತು ಬಂದರು. 1977ರಲ್ಲಿ ಅದೇ ವಿದ್ಯೆ ಆಲಿಸ್ ಸ್ಪ್ರಿಂಗ್ಸ್‌ನ ಈಶಾನ್ಯಕ್ಕೆ ಸುಮಾರು 250 ಕಿ.ಮೀ. ದೂರದ ಯುಟೋಪಿಯಾ ಮುಟ್ಟಿತು.

ಬಾಟಿಕ್ ಬಯಲಲ್ಲಿ ಮಾಡುವ ಕೆಲಸವಲ್ಲ, ಆದರೆ ಅವರು ಮಾಡಿದ್ದು ಬಯಲಲ್ಲೇ. ಮೇಣ ಬೇಕಾದಷ್ಟು ಕಾದಿರದಿದ್ದರೆ ಬಟ್ಟೆಯ ಮೇಲೆ ಕೆನೆಯಂತೆ ಕೂತುಬಿಡುತ್ತದೆ, ಕೆಳಗಿನಿಂದ ಬಣ್ಣ ನುಗ್ಗುತ್ತದೆ. ಹೆಚ್ಚು ಕಾದರೆ ಗೆರೆ ಹರಡಿ ಮೊದ್ದಾಗುತ್ತದೆ, ಹೊಗೆ ಬಂದರಂತೂ ಹೊತ್ತಿಕೊಳ್ಳುವ ಅಪಾಯ. ಬಟ್ಟೆ ತಿರುಗಿಸಿ ನೋಡಿದಾಗ ಹಿಂಬದಿಯಲ್ಲೂ ಗೆರೆ ಒದ್ದೆಯಾಗಿ ಕಂಡರೆ ಹದ ಸರಿ. ಗಾಳಿ ಬೀಸಿದರೆ ಬೆಂಕಿಯ ಉರಿ ಓಲಾಡಿ ಈ ಹದ ಗಳಿಗೆಗೊಮ್ಮೆ ಕೆಡುತ್ತದೆ. ಮೇಣ ಹಚ್ಚು, ಬಣ್ಣದಲ್ಲಿ ಮುಳುಗಿಸು, ಒಣಗಿಸು, ಮತ್ತೆ ಮೇಣ. ತಿಳಿಬಣ್ಣ ಮೊದಲು, ಗಾಢ ಆಮೇಲೆ. ಕ್ರಮ ತಪ್ಪಿದರೆ ತಿದ್ದಲು ಬರುವುದಿಲ್ಲ. ಕೊನೆಗೆ ಮೇಣ ಬಿಡಿಸಲು ರೇಷ್ಮೆಯನ್ನು ಕುದಿನೀರಿನಲ್ಲಿ ಮತ್ತೆ ಮತ್ತೆ ಕುದಿಸಬೇಕು. ಜಾವಾದವರು ನಲ್ಲಿ ಮೂತಿಯ ‘ಚಾಂಟಿಂಗ್’ ಎಂಬ ಸಲಕರಣೆಯಲ್ಲಿ ಕೂದಲೆಳೆಯ ಗೆರೆ ಎಳೆದರೆ, ಯುಟೋಪಿಯಾದವರು ಕುಂಚದಲ್ಲಿ ಧಾರಾಳವಾಗಿ ಬಳಿದರು, ಚೆಲ್ಲಿದ ಹನಿಯನ್ನೂ ಉಳಿಸಿಕೊಂಡರು.

ಈ ಗುಂಪಿನಲ್ಲಿದ್ದವರು ಎಮಿಲಿ ಕಾಮೆ ಉಙ್ವಾರೆ. ನಮ್ಮ ಒಂಬತ್ತರ ಪಟ್ಟಿಯಲ್ಲಿ ಅವರಿಲ್ಲ, ಆದರೆ ಅವರಿಲ್ಲದೆ ಈ ಪಟ್ಟಿಯೇ ಇರುತ್ತಿರಲಿಲ್ಲ. ಹುಟ್ಟಿದ್ದು 1910ರ ಆಸುಪಾಸು. 1988-89ರ ಬೇಸಿಗೆಯಲ್ಲಿ ಯುಟೋಪಿಯಾದ ಸುಮಾರು 80 ಜನರಿಗೆ ಕ್ಯಾನ್ವಾಸ್, ಅಕ್ರಿಲಿಕ್ ಹಂಚಿದಾಗ ಅವರಿಗೆ ಎಪ್ಪತ್ತರ ಮೇಲೆ ಎಂಟೋ ಒಂಬತ್ತೋ ವರ್ಷ. ಕುದಿಸುವ ಒಗೆಯುವ ರಗಳೆಯಿಲ್ಲದ ಕ್ಯಾನ್ವಾಸನ್ನು ಅವರು ಮತ್ತೆ ಬಿಡಲಿಲ್ಲ; 1996ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು 3,000 ಚಿತ್ರ. ಅವರ ಹೆಸರಿನ ‘ಕಾಮೆ’ ಎಂದರೆ ‘ಅನ್ವೆರ್ಲಾರ್’ ಎಂಬ ಗೆಣಸುಬಳ್ಳಿಯ ಬೀಜ. ಗೆಣಸು ಎನ್ನುತ್ತೇವೆಯೇ ಹೊರತು ಅದು ನಮ್ಮ ಹೆಸರುಕಾಳು, ಉದ್ದು, ಅಲಸಂದೆಯ ಕುಲದ ಬಳ್ಳಿ, ತಿನ್ನುವುದು ಬೇರನ್ನು. ಬೇರು ಬಲಿತಾಗ ಮೇಲಿನ ನೆಲ ಬಿರಿಯುತ್ತದೆ. ಆ ಬಿರುಕು ನೋಡಿ ಹೆಂಗಸರು ಕೋಲಿನಿಂದ ಅಗೆಯುತ್ತಾರೆ. ಮೆಲ್ಬರ್ನಿನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲಿರುವ 1995ರ ‘ಬಿಗ್ ಯಾಮ್ ಡ್ರೀಮಿಂಗ್’ ಸುಮಾರು 3 ಮೀಟರ್ ಎತ್ತರ, 8 ಮೀಟರ್ ಉದ್ದ. ಕಪ್ಪಿನ ಮೇಲೆ ಬರಿ ಬಿಳಿ ಗೆರೆ, ಎರಡು ದಿನದ ಕೆಲಸ. ಜಾಲದಂತೆ ಹೆಣೆದುಕೊಂಡ ಆ ಗೆರೆ ಬೇರೂ ಹೌದು, ಬಿರುಕೂ ಹೌದು. ಬೇರೆ ಚಿತ್ರಗಳ ಪಟ್ಟೆಗಳು ‘ಅವೆಲ್ಯೆ’ ಆಚರಣೆಯಲ್ಲಿ ಹೆಂಗಸರು ಎದೆ, ತೋಳುಗಳಿಗೆ ಬಳಿದುಕೊಳ್ಳುವ ಬಣ್ಣದ ಗೆರೆಗಳು. ಅದೇ ಊರಿನ ಆಂಜೆಲಿನಾ ಪ್ವೆರ್ಲೆಯ ಕಾಡುಹಣ್ಣಿನ ಚಿತ್ರಗಳಲ್ಲಾದರೋ ಸೂಜಿಮೊನೆಯಂಥ ಚುಕ್ಕಿಗಳು. ದೂರದಿಂದ ಮಂಜು, ಹತ್ತಿರ ಹೋದರೆ ಒಂದೊಂದೂ ಬೇರೆ.

ಹಕ್ಕಿನ ಮಾತು ಮರುಭೂಮಿಯಲ್ಲಿ ಕೋರ್ಟಿನವರೆಗೂ ಹೋಗುತ್ತದೆ. ಕಾರ್ಲೀನ್ ವೆಸ್ಟ್ ಸ್ಪಿನಿಫೆಕ್ಸ್ ಜನದವರು. 1950ರ ದಶಕದಲ್ಲಿ ಬ್ರಿಟಿಷರು ಮರಲಿಂಗಾದಲ್ಲಿ ಅಣುಬಾಂಬ್ ಪರೀಕ್ಷೆಗೆ ತೊಡಗಿದಾಗ ಈ ಜನ ನೆಲ ಬಿಡಬೇಕಾಯಿತು. ಮರಳಿ ಬಂದು ಭೂಮಿಯ ಹಕ್ಕು ಕೇಳಿದಾಗ, 1997ರಲ್ಲಿ ಶುರುವಾದ ಕಲಾಯೋಜನೆಯಲ್ಲಿ ಗಂಡಸರದ್ದೊಂದು, ಹೆಂಗಸರದ್ದೊಂದು ಎಂದು ದೊಡ್ಡ ಚಿತ್ರಗಳನ್ನು ಬರೆದು ತಮ್ಮ ನೀರಿನ ಹೊಂಡ, ದಾರಿಗಳನ್ನು ತೋರಿಸಿದರು. 2000ದಲ್ಲಿ ಹಕ್ಕು ಸಿಕ್ಕಿತು. ಕಾರ್ಲೀನ್ ಬರೆದದ್ದು ತಾವು ಬಿಟ್ಟು ಹೋಗಿದ್ದ ‘ಜಿಟ್ಜಿಟಿ’ ಎಂಬ ಉಪ್ಪುಕೆರೆಯನ್ನೇ. ಆ ಬಿಳಿಯನ್ನು ಬರಿ ಬಣ್ಣವೆಂದು ನೋಡುವುದು ಕಷ್ಟ. ಯುಕುಲ್ಜಿ ನಪಂಗಾಟಿ, ಹೊರಜಗತ್ತಿನ ಸಂಪರ್ಕವಿಲ್ಲದೆ ಬದುಕಿದ್ದು 1984ರಲ್ಲಿ ಮರುಭೂಮಿಯಿಂದ ಹೊರಬಂದ ಒಂಬತ್ತು ಪಿಂಟುಪಿಗಳಲ್ಲಿ ಒಬ್ಬರು. ನಿಸರ್ಗಚಿತ್ರಕ್ಕೆ ಕೊಡುವ ವಿನ್ ಪ್ರಶಸ್ತಿ 2018ರಲ್ಲಿ ಅವರದಾಯಿತು. ವಿಂಜಿಯರ ಚಿತ್ರದಲ್ಲಿ ಕಾಣುವ ಗುಂಡುಗಳು ರೆಕ್ಕೆಯಿರುವೆಯ ಮೊಟ್ಟೆಗಳು, ಪಕ್ಕದ ಜಾಲರಿ ಆಚರಣೆಗೆ ಉಡುವ ಕೂದಲ ದಾರದ ಲಂಗ.

ಇನ್ನು ನಾರು. ಮ್ಯೂಸಿಯಂಗಳು ಹೆಂಗಸರ ಕೆಲಸವನ್ನು ದಶಕಗಟ್ಟಲೆ ‘ಕರಕುಶಲ’ದ ಕಪಾಟಿನಲ್ಲಿಟ್ಟು, ಮಾಡಿದವರ ಹೆಸರೂ ಬರೆದುಕೊಳ್ಳದೆ ಬಿಟ್ಟದ್ದು ಇದರಲ್ಲೇ. ಆರ್ನೆಮ್ ಲ್ಯಾಂಡಿನ ಮನಿಂಗ್ರಿಡಾ ಕಡೆಯ ಲೀನಾ ಯರಿಂಕುರ ಬಳಸುವುದು ಪ್ಯಾಂಡನಸ್, ನಮ್ಮ ಕೇದಗೆಯ ಕುಲ. ಕೊಕ್ಕೆಕೋಲಿನಿಂದ ಸುಳಿಯ ಎಳೆ ಎಲೆಗಳನ್ನು ಮಾತ್ರ ಕೀಳಬೇಕು. ಬಲಿತದ್ದು ಮಡಿಸಿದರೆ ಮುರಿಯುತ್ತದೆ. ಅಂಚಿನ ಮುಳ್ಳು, ನಡುದಿಂಡು ತೆಗೆದು ಎಲೆಯ ದಪ್ಪವನ್ನೇ ಹೆಬ್ಬೆರಳ ಉಗುರಿನಿಂದ ಎರಡಾಗಿ ಸೀಳುತ್ತಾರೆ. ಇದು ಹಸಿಯಿದ್ದಾಗಲೇ ಆಗಬೇಕು. ಬಾಡಿದ ಎಲೆ ಪದರ ಬಿಡುವುದಿಲ್ಲ, ಅಡ್ಡಡ್ಡ ಹರಿಯುತ್ತದೆ. ಒಣಗಿದ ಮೇಲೆ ಬಣ್ಣಕ್ಕೆ ಕುದಿಸುವುದು: ಒಂದು ಗಿಡದ ಬೇರಿನಿಂದ ಹಳದಿ, ಅದಕ್ಕೇ ಬೂದಿ ಬೆರೆಸಿದರೆ ಕೆಂಪಿನತ್ತ ತಿರುಗುತ್ತದೆ, ಇನ್ನೊಂದು ಗಿಡದ ಗಡ್ಡೆಯಿಂದ ಕೆಂಪು-ಕಂದು. ಬೂದಿಯ ಕ್ಷಾರ ಬಣ್ಣ ಬದಲಿಸುವುದನ್ನು ಅರಿಶಿನ-ಸುಣ್ಣ ಕಲೆಸಿದವರಿಗೆ ವಿವರಿಸಬೇಕಿಲ್ಲ. ಬುಟ್ಟಿ, ಚೀಲ ಹೆಣೆಯುತ್ತಿದ್ದ ಈ ಎಳೆಯಲ್ಲಿ ಲೀನಾ ಊರನಾಯಿಗಳನ್ನು ಮಾಡಿದರು. ಕಿವಿ ನಿಮಿರಿಸಿ ನಿಂತ ಬಡಕಲು ನಾಯಿಗಳು.

ರೆಜಿನಾ ಪಿಲವುಕ್ ವಿಲ್ಸನ್ ಅವರದು ಇದರ ಮಗ್ಗುಲು. ಪೆಪ್ಪಿಮೆನಾರ್ಟಿ ಎಂಬ ಊರನ್ನು 1973ರಲ್ಲಿ ಗಂಡನ ಜೊತೆ ಸೇರಿ ಕಟ್ಟಿದವರು, ಮೂಲತಃ ಹೆಣಿಗೆಯವರು. ಬಳ್ಳಿಯ ನಾರಿನಿಂದ ಮೀನುಬಲೆ ‘ಸ್ಯಾವ್’ ಹೆಣೆಯುವ ವಿದ್ಯೆ ಮಿಷನ್ ಕಾಲದಲ್ಲಿ ಹಿಂದೆ ಸರಿದಿತ್ತು. 2000ದಲ್ಲಿ ನ್ಯೂ ಕ್ಯಾಲೆಡೋನಿಯಾದ ಪೆಸಿಫಿಕ್ ಕಲಾ ಉತ್ಸವಕ್ಕೆ ಹೋಗಿ ಬಂದ ಮೇಲೆ ಅವರು ಆ ಹೊಲಿಗೆಯನ್ನೇ ಕ್ಯಾನ್ವಾಸಿನ ಮೇಲೆ ಬಣ್ಣದಲ್ಲಿ ಹಾಕತೊಡಗಿದರು. 2003ರಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಚಿತ್ರಕಲಾ ವಿಭಾಗದ ಬಹುಮಾನ ಬಂತು. ಹತ್ತಿರ ನಿಂತು ಗೆರೆ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಎಂದು ಹಿಂಬಾಲಿಸಿ. ಕುಂಚ ಹೋಗಿರುವುದು ಬಲೆಗಾರ್ತಿಯ ಕೈ ಹೋಗುವ ಹಾದಿಯಲ್ಲೇ.

ಪ್ರದರ್ಶನದಲ್ಲಿ ಒಂದು ಕೊರತೆಯಿತ್ತು: ಆಗ್ನೇಯ ಆಸ್ಟ್ರೇಲಿಯಾ ಇರಲೇ ಇಲ್ಲ. ವಸಾಹತಿನ ಪೆಟ್ಟು ಮೊದಲು, ಹೆಚ್ಚು ಬಿದ್ದದ್ದು ಅಲ್ಲಿಗೆ. ಇವೊನ್ ಕೂಲ್ಮಟ್ರಿ ಮರ್ರಿ ನದಿಯ ಜೊಂಡಿನಿಂದ ಹೆಣೆದ ಹಾವುಮೀನಿನ ಕೂಳಿಗಳು 1997ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತಾರಾಷ್ಟ್ರೀಯ ಕಲಾಮೇಳಕ್ಕೆ ಹೋದವು, ಎಮಿಲಿ ಮತ್ತು ಜೂಡಿ ವಾಟ್ಸನ್ ಕೃತಿಗಳ ಜೊತೆ. 1999ರಲ್ಲಿ ವಿಕಿ ಕೂಜನ್ಸ್, ಲೀ ಡರಾಕ್, ಟ್ರೀನಾ ಹ್ಯಾಮ್ ಮೊದಲಾದವರು ಮೆಲ್ಬರ್ನ್ ಮ್ಯೂಸಿಯಂನಲ್ಲಿ ಉಳಿದಿದ್ದ ಪೋಸಮ್ ಎಂಬ ಮರವಾಸಿ ಪ್ರಾಣಿಯ ತೊಗಲಿನ 19ನೇ ಶತಮಾನದ ಹೊದಿಕೆಗಳನ್ನು ನೋಡಿ ಆ ವಿದ್ಯೆ ಮತ್ತೆ ಎಬ್ಬಿಸಿದರು. ಆಸ್ಟ್ರೇಲಿಯಾದಲ್ಲಿ ಪೋಸಮ್ ಸಂರಕ್ಷಿತ ಪ್ರಾಣಿ. ನ್ಯೂಜಿಲೆಂಡಿನಲ್ಲಿ ಅದೇ ಪೀಡೆ. ಹಾಗಾಗಿ ತೊಗಲು ಅಲ್ಲಿಂದ ಬರುತ್ತದೆ.

ಈ ವಸ್ತುಗಳನ್ನು ತೂಗುಹಾಕುವವರ ಪಾಡು ಎರಡು ಮಾತಿನಲ್ಲಿ. ತೊಗಟೆ ಎಷ್ಟು ವರ್ಷವಾದರೂ ತಾನು ಮರವಾಗಿದ್ದುದನ್ನು ಮರೆಯುವುದಿಲ್ಲ. ಗಾಳಿ ಒಣಗಿದರೆ ಬಾಗಿಕೊಳ್ಳುತ್ತದೆ. ಬಲವಂತವಾಗಿ ಚಪ್ಪಟೆ ಮಾಡಲು ಹೋದರೆ ಸೀಳುತ್ತದೆ, ಬಣ್ಣ ಉದುರುತ್ತದೆ. ಅದರ ಬಾಗಿಗೆ ಹೊಂದುವ ಲೋಹದ ಆಸರೆಯನ್ನು ಹಿಂದಿನಿಂದ ಕೊಟ್ಟು, ತೇವಾಂಶವನ್ನು ಶೇ. 50ರ ಆಸುಪಾಸು ಏರಿಳಿತವಿಲ್ಲದೆ ಇಡುವುದೇ ದಾರಿ. ಗಿಡದ ಬಣ್ಣದ ನಾರು, ರೇಷ್ಮೆಗೆ ಬೆಳಕು 50 ಲಕ್ಸ್ ಮೀರಬಾರದು. ನಾರಿನ ವಸ್ತುವಿನಲ್ಲಿ ಹುಳುವಿನ ಅನುಮಾನವಿದ್ದರೆ ಪಾಲಿಥೀನ್‌ನಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಒಂದೆರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಬೇಕು. ಬೇಗ ಬಿಚ್ಚಿದರೆ ತಣ್ಣನೆಯ ನಾರಿನ ಮೇಲೆ ನೀರು ಕಟ್ಟುತ್ತದೆ. ಮರುಭೂಮಿಯ ಕ್ಯಾನ್ವಾಸ್ ಸುತ್ತುವಾಗ ಬಣ್ಣದ ಮೈ ಹೊರಗಿರಲಿ, ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ತಾಗದಿರಲಿ. ಶಾಖಕ್ಕೆ ಅಕ್ರಿಲಿಕ್ ಮೆತ್ತಗಾಗಿ ಗುಳ್ಳೆಯ ಅಚ್ಚು ಖಾಯಂ ಮೂಡಿಬಿಡುತ್ತದೆ. ಇನ್ನು ಮೇಲೆ ಯಾವುದು, ಕೆಳಗೆ ಯಾವುದು? ನೆಲಕ್ಕೆ ಹಾಸಿ ನಾಲ್ಕೂ ಕಡೆಯಿಂದ ಕೂತು ಬರೆದ ಚಿತ್ರಕ್ಕೆ ಮೇಲೆ ಕೆಳಗೆ ಇರುವುದಿಲ್ಲ. ಕ್ಯಾನ್ವಾಸಿನ ಬೆನ್ನಿಗೆ ಬಾಣದ ಗುರುತು ಹಾಕುವವರು ಸಾಮಾನ್ಯವಾಗಿ ಗ್ಯಾಲರಿಯವರು.

ಕೊನೆಗೆ ದುಡ್ಡು, ಏಕೆಂದರೆ ಗೆರೆ ಯಾರದು ಎಂಬ ಪ್ರಶ್ನೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮವಲನ್ ಅವರ ಇನ್ನೊಬ್ಬ ಮಗಳು ಬಂಡುಕ್ ಮರಿಕ, ಲಿನೊ ಅಚ್ಚಿನ ಕಲಾವಿದೆ. ಅವರ ಕುಲದ ಪವಿತ್ರ ನೀರುಗುಂಡಿಯ ಅಚ್ಚುಚಿತ್ರವನ್ನು ಒಂದು ಕಂಪನಿ ಕೇಳದೆ ವಿಯೆಟ್ನಾಂನಲ್ಲಿ ಕಾರ್ಪೆಟ್ಟಿಗೆ ನೇಯಿಸಿ ಮಾರಿತು. ಜನ ತುಳಿದಾಡುವ ಜಾಗಕ್ಕೆ ಆ ವಿನ್ಯಾಸ ಬಂದದ್ದಕ್ಕೆ ಕುಲದ ಮುಂದೆ ಉತ್ತರ ಹೇಳಬೇಕಾದವರು ಬಂಡುಕ್. 1994ರಲ್ಲಿ ಫೆಡರಲ್ ಕೋರ್ಟ್ ಅವರಿಗೂ ಉಳಿದ ಕಲಾವಿದರಿಗೂ ಸೇರಿ 1,88,640 ಡಾಲರ್ ಪರಿಹಾರ ವಿಧಿಸಿತು, ಸಾಂಸ್ಕೃತಿಕ ನೋವನ್ನೂ ಲೆಕ್ಕಕ್ಕೆ ಹಿಡಿಯಿತು. ಕಂಪನಿ ಮುಚ್ಚಿಹೋಗಿ ಹಣ ಕೈಸೇರಲಿಲ್ಲ.

ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು ಊರಿಗೆ ಬರುವಾಗ ಉಡುಗೊರೆಗೆಂದು ಇಂಥವನ್ನು ಕೊಳ್ಳುವುದುಂಟು, ಆದ್ದರಿಂದ ಇಷ್ಟು ಹೇಳಬೇಕು. ಅಗ್ಗದ ಸ್ಮರಣಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲನಿವಾಸಿಗಳ ಕೈಯಿಂದ ಬಂದದ್ದಲ್ಲ. ‘ಮೂಲನಿವಾಸಿ ಶೈಲಿ’ ಎಂದು ಬರೆದಿದ್ದರೆ ಇಟ್ಟುಬಿಡಿ. ಕಲಾವಿದೆಯ ಹೆಸರು, ಊರು ಅಥವಾ ಭಾಷೆ, ಕಲಾಕೇಂದ್ರದ ಹೆಸರು, ಕ್ಯಾಟಲಾಗ್ ಸಂಖ್ಯೆ, ವರ್ಷ, ವಸ್ತು, ಅಳತೆ ಇವಿಷ್ಟೂ ಪ್ರಮಾಣಪತ್ರದಲ್ಲಿರಬೇಕು, ಆ ಸಂಖ್ಯೆ ಕೃತಿಯ ಬೆನ್ನಿನ ಮೇಲಿನದಕ್ಕೆ ತಾಳೆಯಾಗಬೇಕು. ಕಲಾವಿದೆಗೆ ಎಷ್ಟು ಪಾಲು ಹೋಗುತ್ತದೆ ಎಂದು ಅಂಗಡಿಯವರನ್ನು ಕೇಳಿದರೆ ಅವರು ಬೇಸರಪಟ್ಟುಕೊಳ್ಳಬಾರದು. ಪಟ್ಟುಕೊಂಡರೆ ಅದೂ ಒಂದು ಉತ್ತರವೇ.

ಮರುಮಾರಾಟಕ್ಕೆ ಈಗ ಕಾಯ್ದೆಯಿದೆ. 2010ರ ಜೂನ್ 9ರಿಂದ, 1,000 ಡಾಲರ್ ಅಥವಾ ಹೆಚ್ಚಿನ ಬೆಲೆಗೆ ಗ್ಯಾಲರಿ, ಹರಾಜುಗಾರರ ಮೂಲಕ ಕೃತಿ ಮತ್ತೆ ಮಾರಾಟವಾದರೆ ಕಲಾವಿದೆಗೆ ಶೇ. 5. ತೀರಿಕೊಂಡ ಮೇಲೂ 70 ವರ್ಷ ವಾರಸುದಾರರಿಗೆ. ಆದರೆ ಕಾಯ್ದೆ ಬರುವ ಮೊದಲೇ ಇದ್ದ ಕೃತಿಗಳಿಗೆ ಒಂದು ಕೊಕ್ಕೆಯಿದೆ: ಕಾಯ್ದೆಯ ನಂತರ ಅವು ಮೊದಲ ಸಲ ಕೈಬದಲಾಯಿಸಿದಾಗ ಏನೂ ಸಿಗದು, ಎರಡನೇ ಸಲದಿಂದ ಮಾತ್ರ. ಎಮಿಲಿಯವರ 1994ರ ‘ಅರ್ತ್ಸ್ ಕ್ರಿಯೇಷನ್’ 2007ರಲ್ಲಿ 10,56,000 ಡಾಲರ್‌ಗೆ ಹರಾಜಾದಾಗ ಕಾಯ್ದೆಯೇ ಇರಲಿಲ್ಲ. 2017ರಲ್ಲಿ ಅದೇ ಚಿತ್ರ 21 ಲಕ್ಷ ಡಾಲರ್‌ಗೆ ಹೋಯಿತು. ಅವರ ವಾರಸುದಾರರ ಹಕ್ಕು 2066ರ ಕೊನೆಯವರೆಗೆ ಇದೆ.